ಓದಿ ಮುಗಿಸಿದವರ ಒಂದು ಮಾತು

‘ಒಂದೇ ಉಸಿರಿಗೆ ಓದಿಸಿಕೊಂಡು ಹೋಯಿತು’ ಅಂದವರನ್ನು ನಾನು ಸುಲಭಕ್ಕೆ ನಂಬುವುದಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಒಂದೇ ಉಸಿರಿನದಾದರೆ ಅವರು ಪುಟ ಹಾರಿಸಿದ್ದಾರೆ ಅಂತಲೇ ಲೆಕ್ಕ. ನಿವೃತ್ತ ಮೇಷ್ಟ್ರೊಬ್ಬರು ಅದೇ ಕಾದಂಬರಿಯನ್ನು ನನ್ನ ಕೈಗಿಡುತ್ತಾ ಹೇಳಿದ್ದರು: ‘ಯಾರು ಯಾವ ಮನೆಯವರು ಅಂತ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ. ನಾಯಿಗುತ್ತಿಯ ನಾಯಿ ಹುಲಿಯನಿಗೆ ಚೀಟಿ ಬೇಡ, ಅದು ತಾನಾಗೇ ನೆನಪಿರುತ್ತೆ.’ ಇಂಥ ಮಾತಿಗೆ ನಾನು ಯಾವ ಮುನ್ನುಡಿಯನ್ನಾದರೂ ಬಿಟ್ಟುಕೊಟ್ಟೇನು.

ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅನ್ನುವುದನ್ನು ಆಮೇಲೆ ಹೇಳಿ. ಎಲ್ಲಿ ತಡೆದು ನಿಂತಿರಿ, ಅದನ್ನು ಮೊದಲು ಹೇಳಿ. ಭೈರಪ್ಪನವರ ‘ಪರ್ವ’ (1979) ಕುರಿತು ಬಂದ ವಿಮರ್ಶೆ, ವಾಗ್ವಾದಗಳನ್ನು ಗುಡ್ಡೆ ಹಾಕಬಹುದು. ಗೆಳತಿಯೊಬ್ಬಳು ಹೇಳಿದ್ದು ಇಷ್ಟೇ: ‘ಇದರಲ್ಲಿ ಎಲ್ಲರಿಗೂ ವಯಸ್ಸಾಗಿದೆ.’ ಹೌದಲ್ಲ! ಕಥೆ ಶುರುವಾಗುವುದೇ ಮುದುಕ ಶಲ್ಯನ ಮನೆಯಲ್ಲಿ. ಕುಂತಿ, ದ್ರೌಪದಿ, ಭೀಮ ಎಲ್ಲರೂ ಯುದ್ಧದ ಹೊಸ್ತಿಲಲ್ಲಿ ನಿಂತು ಹಳೆಯದನ್ನೇ ಕೆದಕುತ್ತಾರೆ. ಕ್ಯಾಲೆಂಡರಿನ ಪಾಂಡವರನ್ನು ನೋಡಿ ಬೆಳೆದ ನನಗೆ ಈ ಮಾತು ಕೇಳಿದ ಮೇಲೆ ಕಾದಂಬರಿಯ ಮಂಡಿನೋವು ಸಹ ಕಂಡಿತು. ‘ಸಂಸ್ಕಾರ’ದ (1965) ಬಗ್ಗೆಯೂ ಅವಳದು ಒಂದೇ ವಾಕ್ಯ: ‘ಗಂಡಸರೆಲ್ಲ ಶಾಸ್ತ್ರ ಹುಡುಕ್ತಾ ಕೂತಿದ್ದಾಗ ಹೆಣ ಸುಡಿಸಿದವಳು ಚಂದ್ರಿ.’

ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದು, ಸರಿ. ಆದರೂ ಕೊನೆಯ ಖಾಲಿ ಹಾಳೆಯ ಪೆನ್ಸಿಲ್ ಬರಹವನ್ನು ನಾನು ಓದದೆ ಬಿಡುವುದಿಲ್ಲ. ‘ಸೂಪರ್’, ಅದರ ಕೆಳಗೆ ಇನ್ನೊಬ್ಬರ ‘ಬರೀ ಬೋರು’. ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದಿಡುವ ಪುಣ್ಯಾತ್ಮರ ಕಾರ್ಡನ್ನು ಮಾತ್ರ ಮುಲಾಜಿಲ್ಲದೆ ಕಿತ್ತುಕೊಳ್ಳಬೇಕು. ತೇಜಸ್ವಿಯವರ ‘ಕರ್ವಾಲೊ’ದ (1980) ಕೊನೆಗೆ ಯಾರೋ ಬರೆದಿದ್ದರು: ‘ಓತಿ ಸಿಗಲಿಲ್ಲ. ಮಂದಣ್ಣ ಸಿಕ್ಕಿದ.’ ಇದೂ ಗುಟ್ಟು ರಟ್ಟು ಮಾಡಿದ ಹಾಗೇ. ಆದರೆ ಇವರ ಕಾರ್ಡು ಇರಲಿ.

ಮೆಚ್ಚದವರೂ ಹೀಗೆ ಬೆರಳಿಟ್ಟು ತೋರಿಸಬೇಕು. ‘ಯಾಕೋ ಹಿಡಿಸಲಿಲ್ಲ’ ಅಂದರೆ ಅದು ಪುಸ್ತಕದ ದೋಷವೋ, ಆವತ್ತಿನ ಊಟದ್ದೋ ಯಾರಿಗೆ ಗೊತ್ತು? ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಮುಗಿಸಿದ ಪಕ್ಕದ ಮನೆಯ ಹುಡುಗ ಸಿಟ್ಟಿನಲ್ಲೇ ಇದ್ದ. ‘ಬೈಂಡಿಂಗ್‌ನಲ್ಲಿ ಹಾಳೆ ಬಿಟ್ಟುಹೋಗಿದೆ ಅಂದ್ಕೊಂಡೆ ಅಂಕಲ್. ಅಂಗಡಿಗೆ ಹೋಗಿ ಇನ್ನೊಂದು ಕಾಪಿ ತೆಗೆದು ನೋಡಿದೆ. ಅದರಲ್ಲೂ ಅಲ್ಲಿಗೇ ನಿಲ್ಲಿಸಿದ್ದಾರೆ!’