ಮಿಶನರಿ ವೃತ್ತಾಂತ: ಹೇಳುವ ಸಾಧನ, ಕೇಳುವ ಜನ

ಕ್ರೈಸ್ತ ಮಿಶನರಿಗಳ ಜೀವನವೃತ್ತಾಂತಗಳನ್ನು ಚಲಚ್ಚಿತ್ರ, ಛಾಯಾಚಿತ್ರಪ್ರದರ್ಶನ, ಅಂತರಜಾಲ ಮೊದಲಾದ ಸಾಧನಗಳ ಮೂಲಕ ಜನರಿಗೆ ಮುಟ್ಟಿಸುವ ಪ್ರಯತ್ನಗಳು ಇಂದು ನಾನಾ ಕಡೆ ನಡೆಯುತ್ತಿವೆ. ಇವುಗಳನ್ನು ಕುರಿತ ಅಭಿಪ್ರಾಯಗಳು ಸಾಮಾನ್ಯವಾಗಿ ಎರಡು ಪಂಗಡಗಳಾಗಿ ಒಡೆಯುತ್ತವೆ. ಒಂದು ಪಂಗಡಕ್ಕೆ ಅವು ಪುಣ್ಯಪುರುಷರ ಚರಿತೆಗಳು. ಮತ್ತೊಂದಕ್ಕೆ ಮತಪ್ರಚಾರದ ಉಪಾಯಗಳು. ಉಭಯ ಪಂಗಡಗಳೂ ಕಥಾನಾಯಕನ ಗುಣದೋಷಗಳನ್ನೇ ವಾದವಿಷಯವನ್ನಾಗಿ ಮಾಡಿಕೊಳ್ಳುತ್ತವೆಯಲ್ಲದೆ, ಆ ಕಥೆ ಯಾವ ಸಾಧನದಿಂದ ಯಾರಿಗಾಗಿ ಹೇಳಲ್ಪಟ್ಟಿತೆಂಬುದನ್ನು ವಿಚಾರಿಸುವುದಿಲ್ಲ. ಕನ್ನಡಕ್ಕೆ ನಿಕಟಸಂಬಂಧವುಳ್ಳ ಬಾಸೆಲ್ ಮಿಶನ್ನಿನ ಉದಾಹರಣೆಯನ್ನು ಮುಂದಿಟ್ಟುಕೊಂಡು ಈ ಅಂಶವನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಬಾಸೆಲ್ ಮಿಶನ್ ೧೮೧೫ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಸ್ಥಾಪಿತವಾಯಿತು. ಅದರ ಮೊದಲ ಮೂವರು ಪ್ರಚಾರಕರಾದ ಹೆಬಿಕ್, ಲೇಹ್ನರ್, ಗ್ರೈನರ್ ಇವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅದಕ್ಕೂ ಮುಂಚೆಯೇ, ೧೮೨೮ರಲ್ಲಿ, 'ಎವಾಂಗೆಲಿಶೆ ಹೈಡನ್‌ಬೋಟೆ' ಎಂಬ ಜರ್ಮನ್ ಪತ್ರಿಕೆ ಬಾಸೆಲಿನಲ್ಲಿ ಹುಟ್ಟಿಕೊಂಡಿತ್ತು. ಹೊರನಾಡುಗಳಲ್ಲಿದ್ದ ಪ್ರಚಾರಕರು ಕೇಂದ್ರಸಮಿತಿಗೆ ತಪ್ಪದೆ ವರದಿಗಳನ್ನು ಕಳುಹಿಸಬೇಕಾಗಿತ್ತು. ಆ ವರದಿಗಳಿಂದ ಆಯ್ದ ಭಾಗಗಳು ಈ ಪತ್ರಿಕೆಯಲ್ಲಿ ಅಚ್ಚಾಗಿ ಸ್ವಿಟ್ಸರ್ಲೆಂಡ್ ಮತ್ತು ದಕ್ಷಿಣ ಜರ್ಮನಿಯ ಭಕ್ತರ ಮನೆಗಳನ್ನು ಸೇರುತ್ತಿದ್ದವು. ಹೀಗೆ, ಮಂಗಳೂರಿನ ಬೀದಿಯಲ್ಲಿ ನಡೆದ ಸಂಗತಿ ಮೊದಲು ಪ್ರಚಾರಕನ ಲೇಖನಿಯಲ್ಲಿ, ಆಮೇಲೆ ಸಂಪಾದಕನ ಕತ್ತರಿಯಲ್ಲಿ ಹಾದು, ಮಂಗಳೂರನ್ನು ಎಂದೂ ಕಾಣದ ಓದುಗನ ಕೈಗೆ ಬರುತ್ತಿತ್ತು.

ಆ ಓದುಗನು ಬರಿಯ ಓದುಗನಲ್ಲ, ದಾನಿಯೂ ಹೌದು. ೧೮೫೫ರಲ್ಲಿ ಕಾರ್ಲ್ ಸರಸಿನ್ ಎಂಬವರು ಪ್ರಾರಂಭಿಸಿದ ಅರೆಬಾಟ್ಸನ್ ವಂತಿಗೆಯ ಕ್ರಮದಂತೆ, ಸಾಮಾನ್ಯ ಕುಟುಂಬಗಳು ಕೂಡ ವಾರಕ್ಕೊಂದು ಸಣ್ಣ ನಾಣ್ಯವನ್ನು ಮಿಶನ್ನಿಗೆ ಕೊಡುತ್ತಿದ್ದುವು. ಇಂಥ ವ್ಯವಸ್ಥೆಯಲ್ಲಿ ವೃತ್ತಾಂತಕ್ಕೆ ಒಂದು ನಿಯತವಾದ ಆಕಾರ ಬರುವುದು ಸಹಜ. ಕಷ್ಟವಿರಬೇಕು, ಏಕೆಂದರೆ ಸಹಾಯ ಬೇಕು. ಫಲವಿರಬೇಕು, ಏಕೆಂದರೆ ಕೊಟ್ಟ ಹಣ ವ್ಯರ್ಥವಾಗಿಲ್ಲವೆಂದು ತೋರಬೇಕು. ಪ್ರಚಾರಕರು ಸುಳ್ಳು ಬರೆದರೆಂದು ನಾವು ಹೇಳುವುದಿಲ್ಲ. ನಿಜವಾದ ಸಂಗತಿಗಳೇ ಈ ಆಕಾರಕ್ಕೆ ಒಗ್ಗಿದಾಗ ಮಾತ್ರ ದೂರ ಹೋಗುತ್ತಿದ್ದುವು. ಒಗ್ಗದವು ಕಡತದಲ್ಲಿ ಉಳಿಯುತ್ತಿದ್ದುವು.

ಇದಕ್ಕೆ ಪ್ರತಿಯಾಗಿ ಅದೇ ಮಿಶನ್ನಿನ ಇನ್ನೊಂದು ಪತ್ರಿಕೆಯನ್ನು ನೋಡೋಣ. ೧೮೩೬ರಲ್ಲಿ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗರು ೧೮೪೩ನೆಯ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಪ್ರಸಿದ್ಧವಾದ ಇದು ಮರುವರ್ಷವೇ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಊರ ವರ್ತಮಾನ, ಸರ್ಕಾರದ ನಿರೂಪ, ಹೊರರಾಜ್ಯಗಳ ಸುದ್ದಿ, ನೀತಿವಚನ, ಕಥೆ, ಪುರಂದರದಾಸರ ಪದ, ಇವು ಅದರ ಸಾಮಗ್ರಿ. ಮತವಿಚಾರ ಅದರಲ್ಲಿ ಇಲ್ಲವೇ ಇಲ್ಲವೆಂದಲ್ಲ. ಆದರೆ ಮಿಶನರಿ ಅಲ್ಲಿ ಕಥಾನಾಯಕನಲ್ಲ. ಬರೆಯುವ ಕೈ ಒಂದೇ ಆಗಿದ್ದರೂ ಬರಹದ ರೀತಿ ಏಕೆ ಬದಲಾಯಿತು? ಇಲ್ಲಿಯ ಓದುಗನು ದುಡ್ಡು ಕೊಟ್ಟು ಪತ್ರಿಕೆಯನ್ನು ಕೊಳ್ಳುವವನು. ಊರಿನ ಸಂಗತಿಗಳನ್ನು ಸ್ವತಃ ಬಲ್ಲವನು. ತಪ್ಪಿದ್ದರೆ ಮರುದಿನವೇ ಪೇಟೆಯಲ್ಲಿ ನಿಲ್ಲಿಸಿ ಕೇಳಬಲ್ಲವನು. ಪ್ರಶ್ನಿಸಬಲ್ಲ ಓದುಗನ ಮುಂದೆ ವೃತ್ತಾಂತಕಾರನಿಗೆ ಸಹಜವಾಗಿಯೇ ವಿನಯ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಈ ವ್ಯತ್ಯಾಸದ ಬೆಲೆಯನ್ನು ತೆತ್ತವರು ಸ್ಥಳೀಯರು. ಮಿಶನ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ದೀಕ್ಷಾಸ್ನಾನ ಪಡೆದು, ತಮ್ಮ ಗುರುವಿನ ಹೆಸರಾದ 'ಹರ್ಮನ್' ಎಂಬುದನ್ನು ಧರಿಸಿ, ಬಾಸೆಲಿನಲ್ಲಿ ವ್ಯಾಸಂಗಮಾಡಿ, ಪ್ರಚಾರಕರಾಗಿಯೇ ಹಿಂದಿರುಗಿದರು. ಬಾಸೆಲಿನ ದಾನಿಗೆ ಇದು ಮಿಶನ್ ಕಾರ್ಯದ ಫಲ. ಆ ಮನೆಯ ಹಿರಿಯರಿಗೆ ಇದು ಕುಲದಿಂದ ಒಬ್ಬ ಮಗನ ಅಗಲಿಕೆ. ಸ್ವತಃ ಕೌಂಡಿನ್ಯರಿಗೆ ಇದು ಈ ಎರಡೂ ಅಲ್ಲದ, ಎರಡನ್ನೂ ಒಳಗೊಂಡ ಒಂದು ನಿರ್ಧಾರವಾಗಿದ್ದಿರಬೇಕು. ಮೂರು ಬಗೆಯಲ್ಲಿ ಹೇಳಬಹುದಾದ ಈ ಕಥೆಯನ್ನು ಒಂದೇ ಬಗೆಯಲ್ಲಿ ಹೇಳಿದರೆ ಮತಾಂತರವೆಂಬ ಮಾನವಾನುಭವದ ಭಾರ ಕಾಣುವುದಿಲ್ಲ. ಅದನ್ನು ಸ್ವೀಕರಿಸಿದವನು ಮನುಷ್ಯನಾಗಿ ಉಳಿಯದೆ ದೃಷ್ಟಾಂತವಾಗಿಬಿಡುತ್ತಾನೆ.

ಜೀವನಚರಿತ್ರೆಯ ಪ್ರಕಾರವೂ ಈ ದೋಷದಿಂದ ಪೂರ್ಣವಾಗಿ ಪಾರಾಗಲಾರದು. ಮೋಗ್ಲಿಂಗರು ೧೮೮೧ರಲ್ಲಿ ತೀರಿಕೊಂಡ ಮರುವರ್ಷ, ಮಲಯಾಳ ನಿಘಂಟುಕಾರರಾದ ಹರ್ಮನ್ ಗುಂಡರ್ಟರು ತಮ್ಮ ಮಿತ್ರನ ಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಒಡನಾಡಿ ಬರೆದ ಚರಿತ್ರೆಗೆ ಸಿಗುವ ಆಧಾರಸಾಮಗ್ರಿ ಬೇರೆಯವರಿಗೆ ಸಿಗದು. ಆದರೆ ಅದು ಕೂಡ ಮಿಶನ್ ಬಳಗಕ್ಕಾಗಿ ರಚಿತವಾದದ್ದು. ಕನ್ನಡಿಗನ ಮಟ್ಟಿಗೆ ಮೋಗ್ಲಿಂಗರ ಬಾಳಿನ ಮುಖ್ಯ ಕಾರ್ಯ ೧೮೪೮ರಿಂದ ೧೮೫೩ರವರೆಗೆ ಹೊರಬಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆ. ದಾಸರ ಪದಗಳನ್ನೂ ವೀರಶೈವ ಪುರಾಣಗಳನ್ನೂ ಅಚ್ಚಿಗೆ ತಂದ ಈ ಮಾಲೆಗೆ ಹಣ ಒದಗಿಸಿದವರು ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರು. ಅನ್ಯಮತದ ಗ್ರಂಥಗಳ ಮುದ್ರಣವನ್ನು ವಾರದ ಕಾಣಿಕೆ ಕೊಡುವ ಭಕ್ತನಿಗೆ ಮಿಶನ್ ಕಾರ್ಯವೆಂದು ವಿವರಿಸುವುದು ಸುಲಭವಾಗಿರಲಾರದು. ಯಾರ ದೃಷ್ಟಿಯಿಂದ ನೋಡುತ್ತೇವೋ ಅದಕ್ಕೆ ತಕ್ಕಂತೆ ಒಂದೇ ಬಾಳಿನ ಕೇಂದ್ರವೂ ಸ್ಥಳ ಬದಲಾಯಿಸುತ್ತದೆ.

ಛಾಯಾಚಿತ್ರ ಬಂದಮೇಲೆ ಪರಿಸ್ಥಿತಿ ಸುಧಾರಿಸಿತೆಂದು ತಿಳಿಯಬಹುದು, ಯಂತ್ರಕ್ಕೆ ಪಕ್ಷಪಾತವಿಲ್ಲವಷ್ಟೆ! ಬಾಸೆಲಿನ ಭಂಡಾರದಲ್ಲಿರುವ ಹಳೆಯ ಚಿತ್ರಗಳು ಈಗ ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುತ್ತವೆ. ಶಾಲೆ, ನೇಯ್ಗೆಯ ಕಾರ್ಖಾನೆ, ೧೮೬೫ರಲ್ಲಿ ಪ್ರಾರಂಭವಾದ ಹೆಂಚಿನ ಉದ್ಯಮ, ಇವುಗಳ ಚಿತ್ರಗಳು ಚರಿತ್ರಕಾರನಿಗೆ ನಿಧಿಯಂತಿವೆ. ಆದರೆ ಚಿತ್ರದ ಕೆಳಗಿನ ಬರಹವನ್ನೂ ಓದಬೇಕು. ಐರೋಪ್ಯನಿಗೆ ಹೆಸರಿರುವಲ್ಲಿ ಅವನ ಪಕ್ಕದ ಕೆಲಸಗಾರನಿಗೆ ಅನೇಕವೇಳೆ ಜಾತಿಯೋ ಕಸುಬೋ ಮಾತ್ರ ಇರುತ್ತದೆ. ಅಕ್ಷರದಲ್ಲಿ ನಡೆದ ಆಯ್ಕೆಯೇ ಬೆಳಕಿನಲ್ಲೂ ನಡೆದಿದೆ. ಇದೇ ಚಿತ್ರಗಳನ್ನು ಹಿನ್ನೆಲೆಗೀತದೊಡನೆ ತೆರೆಯ ಮೇಲೆ ತೋರಿಸಿದರೆ ಹೆಸರಿಲ್ಲದವರು ಇನ್ನೊಮ್ಮೆ ಹೆಸರಿಲ್ಲದವರಾಗುತ್ತಾರೆ. ಕಿಟ್ಟೆಲರು ೧೮೯೪ರಲ್ಲಿ ಮುಗಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನ ಕಥೆಯಲ್ಲೂ ಹೀಗೆಯೇ. ಅವರ ತಪಸ್ಸನ್ನು ನಾವು ಮೆಚ್ಚಿದಷ್ಟೂ ಸಾಲದು. ಆದರೆ ಅವರೊಡನೆ ಕುಳಿತು ಪದಗಳ ಅರ್ಥ ಬಿಡಿಸಿದ ದೇಶೀಯ ಪಂಡಿತರು ಜನಪ್ರಿಯ ವೃತ್ತಾಂತಗಳಲ್ಲಿ ನೆರಳುಗಳಾಗಿಯೇ ಉಳಿದಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ದಾನಿಯನ್ನು ಒಲಿಸುವ ವೃತ್ತಾಂತವಿಲ್ಲದಿದ್ದರೆ ಶಾಲೆಯೂ ಮುದ್ರಣಾಲಯವೂ ಇರುತ್ತಿರಲಿಲ್ಲವಲ್ಲ? ಈ ಮಾತಿನಲ್ಲಿ ಸತ್ಯವಿದೆ. ಅಷ್ಟೇ ಅಲ್ಲ, ವರದಿ ಬರೆಯುವ ಆ ಕಟ್ಟುನಿಟ್ಟಾದ ಅಭ್ಯಾಸದಿಂದಲೇ ಹತ್ತೊಂಬತ್ತನೆಯ ಶತಮಾನದ ಕರಾವಳಿಯ ಬಗ್ಗೆ ಹೇರಳವಾದ ದಾಖಲೆಗಳು ಉಳಿದಿವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (೧೯೭೪) ಮಿಶನರಿಗಳ ಕೃಷಿಗೂ ದೇಶೀಯ ವಿದ್ವಾಂಸರ ಕೃಷಿಗೂ ಒಂದೇ ಚರಿತ್ರೆಯಲ್ಲಿ ಸ್ಥಾನ ಕೊಟ್ಟಿತು. ದೋಷವಿರುವುದು ವರದಿಯಲ್ಲಲ್ಲ, ಅದನ್ನು ಮೂಲ ಸಂದರ್ಭದಿಂದ ಬಿಡಿಸಿ, ಅದೇ ಚರಿತ್ರೆಯೆಂದು ಇಂದು ಪುನಃ ಹೇಳುವುದರಲ್ಲಿ.

ಆದುದರಿಂದ ಈ ಕಥೆಗಳನ್ನು ಹೊಸ ಸಾಧನಗಳಿಗೆ ಅಳವಡಿಸುವವರಿಂದ ಮೂರು ಸಂಗತಿಗಳನ್ನು ನಿರೀಕ್ಷಿಸುವುದು ನ್ಯಾಯವೆಂದು ತೋರುತ್ತದೆ. ಮೊದಲನೆಯದು, ಉದ್ಧರಿಸಿದ ಪತ್ರ ಯಾರಿಗೆ ಬರೆದದ್ದೆಂಬುದನ್ನು ತಿಳಿಸುವುದು. ಎರಡನೆಯದು, ಚಿತ್ರದಲ್ಲಿರುವ ಸ್ಥಳೀಯರ ಹೆಸರುಗಳನ್ನು ಸಭೆಯ ದಫ್ತರಗಳಿಂದಲೂ ಕುಟುಂಬಗಳ ನೆನಪಿನಿಂದಲೂ ಹುಡುಕಿ ಸೇರಿಸುವುದು. ಮೂರನೆಯದು, ಚಿತ್ರವನ್ನು ಪ್ರಕಟಿಸುವ ಮುನ್ನ ಕಥೆ ನಡೆದ ಊರಿನಲ್ಲಿಯೇ, ಆ ಊರಿನ ಭಾಷೆಯಲ್ಲಿ ಅದನ್ನು ತೋರಿಸಿ, ಬಂದ ಆಕ್ಷೇಪಗಳಿಗೆ ಕಿವಿಗೊಡುವುದು. ಈ ಮೂರರಲ್ಲಿ ಕೊನೆಯದು ಹೆಚ್ಚು ಕಷ್ಟವಾದದ್ದು. ಆದರೆ ಮೋಗ್ಲಿಂಗರ ಕಲ್ಲಚ್ಚಿನ ಪತ್ರಿಕೆ ತನ್ನ ಕಾಲದಲ್ಲಿ ಪಕ್ಷಕ್ಕೊಮ್ಮೆ ಅಂಥ ಪರೀಕ್ಷೆಗೆ ಒಳಗಾಗುತ್ತಿತ್ತೆಂಬುದನ್ನು ಮರೆಯಬಾರದು. ಕರಾವಳಿಯಲ್ಲೂ ಕೊಡಗಿನಲ್ಲೂ ಇಂದಿಗೂ ಬಾಳುತ್ತಿರುವ ಆ ಕುಟುಂಬಗಳ ಮಕ್ಕಳು ತಮ್ಮ ಹಿರಿಯರ ಕಥೆಯನ್ನು ಬೇರೆಯವರ ವರದಿಯ ಅಡಿಟಿಪ್ಪಣಿಯಾಗಿ ಮಾತ್ರ ಓದುವಂತಾಗಬಾರದು.