ಕೊಂಡವನ ಹಕ್ಕು: ನೀಲ್ ಸ್ಟೀಫನ್‌ಸನ್ ಅವರ ಗಣಕಪ್ರಬಂಧ – ಒಂದು ವಿಮರ್ಶೆ

ಪದಾರ್ಥವೊಂದು ಮಾರಾಟವಾದೊಡನೆ ಅದರ ಮೇಲೆ ಮಾರಿದವನಿಗಿದ್ದ ಅಧಿಕಾರ ಮುಗಿಯುತ್ತದೆ ಎಂಬುದು ವ್ಯಾಪಾರಧರ್ಮದ ಮೊದಲ ಪಾಠ. ಅಕ್ಕಿ ಕೊಂಡವನು ಅದರಿಂದ ಅನ್ನ ಮಾಡುವನೋ ದೋಸೆ ಮಾಡುವನೋ ಎಂದು ಅಂಗಡಿಯವನು ವಿಚಾರಿಸುವುದಿಲ್ಲ. ಗಡಿಯಾರ ಕೊಂಡವನು ಅದರ ಬೆನ್ನು ಬಿಚ್ಚಿ ನೋಡಿದರೆ ಅಪರಾಧವೆಂದು ಯಾರೂ ಹೇಳುವುದಿಲ್ಲ. ಈ ಪಾಠಕ್ಕೆ ಹೊರತಾದ ಸರಕೊಂದು ಕಳೆದ ಐವತ್ತು ವರ್ಷಗಳಲ್ಲಿ ಪೇಟೆಗೆ ಬಂದಿದೆ. ಅದು ಗಣಕಯಂತ್ರದ ತಂತ್ರಾಂಶ. ಹಣ ತೆತ್ತವನಿಗೆ ಅದರ ವಿಷಯದಲ್ಲಿ ದೊರೆಯುವುದು ಸಾಮಾನ್ಯವಾಗಿ ಬಳಸುವ ಅನುಮತಿ ಮಾತ್ರ. ಅದರ ಒಳಗೇನಿದೆಯೆಂದು ನೋಡುವ, ತಿದ್ದುವ, ನೆರೆಯವನಿಗೆ ಕೊಡುವ ಹಕ್ಕುಗಳು ತಯಾರಿಸಿದ ಸಂಸ್ಥೆಯಲ್ಲಿಯೇ ಉಳಿಯುತ್ತವೆ. ಇದಕ್ಕೆ ಪ್ರತಿಯಾಗಿ ಹುಟ್ಟಿದ್ದು ಮುಕ್ತ ತಂತ್ರಾಂಶ. ಅದರಲ್ಲಿ ತಂತ್ರಜ್ಞನು ಬರೆದ ಮೂಲಪಾಠವೇ ಬಳಕೆದಾರನಿಗೂ ದೊರೆಯುತ್ತದೆ. ಓದಬಹುದು, ತಿದ್ದಬಹುದು, ಹಂಚಬಹುದು.

ಈ ಎರಡು ಮಾರ್ಗಗಳನ್ನು ಕುರಿತು ಬಂದಿರುವ ಬರಹಗಳಲ್ಲಿ ಅಮೆರಿಕದ ಕಾದಂಬರಿಕಾರ ನೀಲ್ ಸ್ಟೀಫನ್‌ಸನ್ ಅವರ ‘ಇನ್ ದ ಬಿಗಿನಿಂಗ್... ವಾಸ್ ದ ಕಮ್ಯಾಂಡ್ ಲೈನ್’ ಎಂಬ ದೀರ್ಘ ಪ್ರಬಂಧಕ್ಕೆ ವಿಶೇಷ ಸ್ಥಾನವಿದೆ. 1999ರಲ್ಲಿ ಇದು ಪುಸ್ತಕವಾಗಿ ಪ್ರಕಟವಾಯಿತು. ತಂತ್ರಜ್ಞರ ಪರಿಭಾಷೆಯಿಂದ ದೂರವಿದ್ದು, ಸಾಮಾನ್ಯ ವಾಚಕನನ್ನು ಉದ್ದೇಶಿಸಿ, ಹಾಸ್ಯದ ಧಾಟಿಯಲ್ಲಿ ಬರೆದುದರಿಂದ ಇದು ಬಹಳ ಜನರ ಅಭಿಪ್ರಾಯವನ್ನು ರೂಪಿಸಿತು. ಕಾಲು ಶತಮಾನ ಕಳೆದಿರುವ ಈಗ ಅದರಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂದು ತೂಗಿ ನೋಡುವುದು ಉಚಿತ. ಮನೆಯ ಲೆಕ್ಕ, ಅಂಗಡಿಯ ಲೆಕ್ಕ, ಬಸದಿಯ ಲೆಕ್ಕ ಎಲ್ಲವೂ ಗಣಕಯಂತ್ರವನ್ನು ಸೇರಿರುವಾಗ ಇದು ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗಿ ಉಳಿದಿಲ್ಲ.

ಪ್ರಬಂಧದ ಪ್ರಸಿದ್ಧ ಭಾಗವೆಂದರೆ ವಾಹನಗಳ ಮಳಿಗೆಗಳ ದೃಷ್ಟಾಂತ. ಯಂತ್ರದ ಅಂಗಾಂಗಗಳನ್ನೂ ಅದರ ಮೇಲೆ ನಡೆಯುವ ಇತರ ತಂತ್ರಾಂಶಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಇಂಥವು ನಾಲ್ಕನ್ನು ಲೇಖಕರು ಒಂದೇ ನಾಲ್ಕುದಾರಿಯಲ್ಲಿರುವ ನಾಲ್ಕು ಮಳಿಗೆಗಳಾಗಿ ಕಲ್ಪಿಸುತ್ತಾರೆ. ಮೈಕ್ರೋಸಾಫ್ಟಿನ ಮಳಿಗೆ ಎಲ್ಲಕ್ಕಿಂತ ದೊಡ್ಡದು. ಮೊದಲು ಬೈಸಿಕಲ್ಲು ಮಾರಿ, ಈಗ ಅಂದಚಂದವಿಲ್ಲದ ಸಂಸಾರದ ಕಾರುಗಳನ್ನು ಮಾರುತ್ತಿದೆ. ಆ್ಯಪಲ್ಲಿನ ಮಳಿಗೆಯಲ್ಲಿ ಸುಂದರವಾದ, ಆದರೆ ಒಳಭಾಗ ಭದ್ರವಾಗಿ ಮುಚ್ಚಿರುವ ಕಾರುಗಳು. ಮೂರನೆಯದು ಬಿಓಎಸ್, ಅದು ಬಹಳ ಮುಂದುವರಿದ ವಾಹನ. ನಾಲ್ಕನೆಯದು ಮಳಿಗೆಯೇ ಅಲ್ಲ. ಬಯಲಿನಲ್ಲಿ ಗುಡಾರ ಹಾಕಿದ ಸ್ವಯಂಸೇವಕರು ಲಿನಕ್ಸ್ ಎಂಬ ಬಲಿಷ್ಠ ಯುದ್ಧಟ್ಯಾಂಕುಗಳನ್ನು ತಯಾರಿಸಿ, ಕೀಲಿಸಮೇತ ರಸ್ತೆಯ ಬದಿಯಲ್ಲಿ ನಿಲ್ಲಿಸಿದ್ದಾರೆ. ಬೇಕಾದವರು ಉಚಿತವಾಗಿ ಒಯ್ಯಬಹುದು. ಆದರೂ ಗಿರಾಕಿಗಳು ಅತ್ತ ತಿರುಗಿಯೂ ನೋಡದೆ ದೊಡ್ಡ ಮಳಿಗೆಗೇ ಹೋಗುತ್ತಾರೆ. ಟ್ಯಾಂಕು ಕೆಟ್ಟರೆ ರಾತ್ರಿ ಮಲಗಿರುವಾಗ ಮನೆಗೇ ಬಂದು ಉಚಿತವಾಗಿ ದುರಸ್ತಿ ಮಾಡುತ್ತೇವೆ ಎಂದು ಸ್ವಯಂಸೇವಕನು ಕೂಗಿ ಹೇಳಿದರೆ, ಗಿರಾಕಿಯು ತನ್ನ ಮನೆಯ ಹತ್ತಿರ ಸುಳಿಯಬೇಡವೆಂದು ಗದರಿಸುತ್ತಾನೆ.

ಎರಡನೆಯ ವಾದ ಇಂಟರ್‌ಫೇಸಿಗೆ, ಎಂದರೆ ಯಂತ್ರವು ಮನುಷ್ಯನಿಗೆ ತೋರುವ ಮುಖಕ್ಕೆ ಸಂಬಂಧಿಸಿದುದು. ಹಿಂದೆ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆದು ಯಂತ್ರಕ್ಕೆ ಕೊಡಬೇಕಾಗಿತ್ತು. ಆಮೇಲೆ ಚಿತ್ರಗಳು, ಕಿಟಕಿಗಳು, ಕಸದಬುಟ್ಟಿಯ ಗುರುತುಗಳು ಬಂದವು. ಇವು ಅನುಕೂಲವೇನೋ ಸರಿ, ಆದರೆ ನಿಜಸ್ಥಿತಿಗೂ ಬಳಸುವವನಿಗೂ ನಡುವೆ ಒಂದು ತೆರೆಯನ್ನು ಎಳೆಯುತ್ತವೆ ಎಂಬುದು ಲೇಖಕರ ಮತ. ಡಿಸ್ನಿ ವರ್ಲ್ಡಿನಲ್ಲಿ ಕಂಡ ಒಬ್ಬ ಪ್ರವಾಸಿಯನ್ನು ಅವರು ಉದಾಹರಿಸುತ್ತಾರೆ: ಹಣ ಕೊಟ್ಟು ಕೃತಕವಾದ ಊರನ್ನು ನೋಡಲು ಬಂದವನು, ಅದನ್ನೂ ಕಣ್ಣಾರೆ ನೋಡದೆ ಕೈಯಲ್ಲಿದ್ದ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡುತ್ತಿದ್ದನು. ಪ್ರಬಂಧದ ಅತ್ಯಂತ ಸೂಕ್ಷ್ಮವಾದ ಭಾಗವಿದು. ತೆರೆಯ ಮೇಲಿನ ಚಿತ್ರವನ್ನೇ ವಸ್ತುವೆಂದು ನಂಬುವ ಅಭ್ಯಾಸದಿಂದ ಬುದ್ಧಿ ಮಂಕಾಗುತ್ತದೆಂಬ ಎಚ್ಚರಿಕೆ 1999ಕ್ಕಿಂತ ಈಗ ಹೆಚ್ಚು ಸಲ್ಲುತ್ತದೆ.

ಇಷ್ಟು ಗುಣಗಳನ್ನು ಒಪ್ಪಿಕೊಂಡ ಮೇಲೆ ದೋಷಗಳನ್ನೂ ಹೇಳಬೇಕು. ಮೊದಲನೆಯದು ವಾಹನದ ದೃಷ್ಟಾಂತದಲ್ಲಿಯೇ ಇದೆ. ಕಾರನ್ನು ತಯಾರಿಸಿದ ಕಂಪನಿ ಮುಚ್ಚಿಹೋದರೂ ಕಾರು ಕೊಂಡವನ ಅಂಗಳದಲ್ಲಿಯೇ ಇರುತ್ತದೆ. ಊರಿನ ಮೆಕ್ಯಾನಿಕ್ ಅದರ ಬಾನೆಟ್ಟು ಎತ್ತಿ ನೋಡಬಲ್ಲ, ಬೇರೆ ಕಾರಿನ ಬಿಡಿಭಾಗವನ್ನು ಹೊಂದಿಸಿ ಹತ್ತು ವರ್ಷ ಓಡಿಸಬಲ್ಲ. ಮುಚ್ಚಿದ ತಂತ್ರಾಂಶಕ್ಕೆ ಈ ಭಾಗ್ಯವಿಲ್ಲ. ವಿಂಡೋಸ್ 10 ಎಂಬುದು 2015ರಲ್ಲಿ ಬಂದಿತು. 2025ರ ಅಕ್ಟೋಬರ್ 14ರಂದು ಅದಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಸುಸ್ಥಿತಿಯಲ್ಲಿದ್ದ ಅನೇಕ ಯಂತ್ರಗಳು ಮುಂದಿನ ಆವೃತ್ತಿಗೆ ಬೇಕಾದ ಲಕ್ಷಣಗಳಿಲ್ಲದೆ ಹಿಂದುಳಿದವು. ಯಂತ್ರ ಸವೆಯಲಿಲ್ಲ, ಅನುಮತಿಯ ಆಯುಷ್ಯ ಸವೆಯಿತು. ಮುಕ್ತ ತಂತ್ರಾಂಶದ ಆವೃತ್ತಿಗಳಿಗೂ ಹೀಗೆ ಅವಧಿ ಮುಗಿಯುವುದುಂಟು. ಆದರೆ ಮೂಲಪಾಠ ಎಲ್ಲರ ಕೈಯಲ್ಲಿರುವುದರಿಂದ, ಶಕ್ತಿಯುಳ್ಳ ಯಾರಾದರೂ ಅದನ್ನು ಮುಂದುವರಿಸಲು ಅಡ್ಡಿಯಿಲ್ಲ.

ಈ ವ್ಯತ್ಯಾಸಕ್ಕೆ ಸಾಕ್ಷಿ ಪ್ರಬಂಧದೊಳಗೇ ಇತ್ತು. ಲೇಖಕರು ಬಹುವಾಗಿ ಮೆಚ್ಚಿದ ಬಿಓಎಸ್, ಆ್ಯಪಲ್ ಬಿಟ್ಟುಬಂದ ಜೀನ್-ಲೂಯಿ ಗಾಸೆ ಅವರ ಸಂಸ್ಥೆಯ ಸೃಷ್ಟಿ. ಅದರ ಗುಣದಲ್ಲಿ ಕೊರತೆಯಿರಲಿಲ್ಲ. ಪೇಟೆಯಲ್ಲಿ ಜಾಗ ಸಿಗಲಿಲ್ಲ. 2001ರಲ್ಲಿ ಸಂಸ್ಥೆಯ ಆಸ್ತಿ ಸುಮಾರು 1.1 ಕೋಟಿ ಡಾಲರುಗಳಿಗೆ ಪಾಮ್ ಎಂಬ ಕಂಪನಿಯ ಪಾಲಾಯಿತು. ಅದರ ಬಳಕೆದಾರರಲ್ಲಿ ಕೆಲವರು ಕೈಕಟ್ಟಿ ಕೂರದೆ, ಅದೇ ವರ್ಷ, ಅದೇ ಬಗೆಯ ವ್ಯವಸ್ಥೆಯನ್ನು ಮುಕ್ತವಾಗಿ ಮತ್ತೊಮ್ಮೆ ಕಟ್ಟಲು ತೊಡಗಿದರು. ಹೈಕು ಎಂಬ ಹೆಸರಿನ ಆ ವ್ಯವಸ್ಥೆಯ ಮೊದಲ ಬೀಟಾ ಆವೃತ್ತಿ ಬಂದದ್ದು 2018ರಲ್ಲಿ. ಸಿದ್ಧವಾಗಿದ್ದ ಮನೆಯ ಕೀಲಿ ದೊರೆಯದೆ, ಅಂಥದೇ ಮನೆಯನ್ನು ತಳಪಾಯದಿಂದ ಕಟ್ಟಲು ಹದಿನೇಳು ವರ್ಷ ಹಿಡಿಯಿತು. ಮುಚ್ಚಿದ ತಂತ್ರಾಂಶದಲ್ಲಿ ಮಾಲಿಕನ ದಿವಾಳಿ ಗಿರಾಕಿಯ ದಿವಾಳಿಯೂ ಆಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸ್ಟೀಫನ್‌ಸನ್ ವಾಹನಗಳ ವೇಗವನ್ನೂ ಅಂದವನ್ನೂ ಬಲವನ್ನೂ ಹೋಲಿಸಿದರು. ಮಳಿಗೆ ಮುಚ್ಚಿದ ಮರುದಿನ ಕೊಂಡವನ ಗತಿಯೇನು ಎಂಬ, ವ್ಯಾಪಾರಿಯು ಮೊದಲು ಕೇಳುವ ಪ್ರಶ್ನೆಯನ್ನು ಕೇಳಲಿಲ್ಲ.

ಎರಡನೆಯ ದೋಷ ಇದಕ್ಕೆ ವಿರುದ್ಧ ದಿಕ್ಕಿನದು. ಉಚಿತ ಟ್ಯಾಂಕನ್ನು ಒಲ್ಲದ ಗಿರಾಕಿಯನ್ನು ಪ್ರಬಂಧವು ಹಾಸ್ಯಾಸ್ಪದನನ್ನಾಗಿ ಮಾಡುತ್ತದೆ. ಆದರೆ ಅವನ ಅಂಜಿಕೆ ನಿರಾಧಾರವಲ್ಲ. ರಾತ್ರಿ ಬಂದು ದುರಸ್ತಿ ಮಾಡುವವನು ಯಾರು, ಅವನ ಜೀವನೋಪಾಯವೇನು, ಅವನು ಬರದಿದ್ದರೆ ಕೇಳುವುದು ಯಾರನ್ನು? 1976ರಲ್ಲಿ ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ, ಕೂಲಿಯಿಲ್ಲದೆ ವೃತ್ತಿಯ ಮಟ್ಟದ ಕೆಲಸವನ್ನು ಯಾರು ಮಾಡಬಲ್ಲರೆಂದು ಕೇಳಿದ್ದರು. ಆ ಪತ್ರದ ಧಾಟಿ ಕಟುವಾದರೂ ಪ್ರಶ್ನೆ ನ್ಯಾಯವಾದದ್ದೇ. ಲಿನಕ್ಸಿನಂಥ ದೊಡ್ಡ ಯೋಜನೆಗಳಿಗೆ ದೊಡ್ಡ ಕಂಪನಿಗಳೇ ಸಂಬಳ ಕೊಟ್ಟು ಕೆಲಸಗಾರರನ್ನು ಒದಗಿಸಿದುದರಿಂದ ಅಲ್ಲಿ ಉತ್ತರ ದೊರೆಯಿತು. ಸಣ್ಣ ಯೋಜನೆಗಳಲ್ಲಿ ದೊರೆಯಲಿಲ್ಲ.

2024ರ ಮಾರ್ಚಿನಲ್ಲಿ ಬಯಲಾದ ‘ಎಕ್ಸ್‌ಜೆಡ್’ ಪ್ರಕರಣ ಇದನ್ನು ತೋರಿಸಿಕೊಟ್ಟಿತು. ಕಡತಗಳನ್ನು ಕಿರಿದುಗೊಳಿಸುವ ಈ ಚಿಕ್ಕ ಮುಕ್ತ ತಂತ್ರಾಂಶ ಲೋಕದ ಅಸಂಖ್ಯ ಯಂತ್ರಗಳಲ್ಲಿದೆ. ಅದನ್ನು ಬಹುಮಟ್ಟಿಗೆ ಒಬ್ಬನೇ ವ್ಯಕ್ತಿ, ಬಿಡುವಿನ ವೇಳೆಯಲ್ಲಿ, ದಣಿದು ನೋಡಿಕೊಳ್ಳುತ್ತಿದ್ದನು. ಬೇರೊಬ್ಬನು ಸಹಾಯಕನಾಗಿ ಬಂದು, ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿ, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲನ್ನು ಇಟ್ಟನು. ಉಚಿತ ದುರಸ್ತಿಗೆಂದು ರಾತ್ರಿ ಬಂದವನು ಮಿತ್ರನಾಗಿರಲಿಲ್ಲ. ಅದು ಹೆಚ್ಚು ಕಡೆ ಹರಡುವ ಮೊದಲೇ ಪತ್ತೆಯಾದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರಿಂದ. ಯಂತ್ರದೊಳಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾದುದನ್ನು ಕಂಡು ಅವರು ಕಾರಣವನ್ನು ಹುಡುಕಿಕೊಂಡು ಹೋದರು. ಅವರು ಉದ್ಯೋಗದಲ್ಲಿದ್ದುದು ಮೈಕ್ರೋಸಾಫ್ಟಿನಲ್ಲಿ ಎಂಬುದನ್ನು ಎರಡು ಪಕ್ಷದ ಅಭಿಮಾನಿಗಳೂ ನೆನಪಿಡುವುದು ಒಳ್ಳೆಯದು. ಮೂಲಪಾಠ ತೆರೆದಿದ್ದುದರಿಂದಲೇ ಅವರು ಆ ಮೋಸವನ್ನು ಬೇರಿನವರೆಗೆ ಬೆನ್ನಟ್ಟಲು ಸಾಧ್ಯವಾಯಿತು. ಆದರೆ ತೆರೆದಿದ್ದ ಮಾತ್ರಕ್ಕೆ ಅಷ್ಟು ದಿನ ಯಾರೂ ನೋಡಿರಲಿಲ್ಲ. ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರುವುದು ಬೇರೆ, ಅದನ್ನು ಒಬ್ಬರಾದರೂ ತಪಾಸಣೆ ಮಾಡುವುದು ಬೇರೆ.

ಮೂರನೆಯ ದೋಷವನ್ನು ಧೋರಣೆಯ ದೋಷವೆನ್ನಬಹುದು. ಆಜ್ಞೆಗಳನ್ನು ಬರೆಯಬಲ್ಲ ಕೆಲವರು ತಿಳಿದವರು, ಚಿತ್ರಗಳನ್ನು ಒತ್ತುವ ಬಹುಜನರು ಆಡಿಸಿದಂತೆ ಆಡುವವರು ಎಂಬ ವಿಭಾಗ ಪ್ರಬಂಧದ ಉದ್ದಕ್ಕೂ ಇಣುಕುತ್ತದೆ. ಇದು ನ್ಯಾಯವಲ್ಲ. ಮುಪ್ಪಿನಲ್ಲಿ ಮೊಮ್ಮಕ್ಕಳ ಮುಖವನ್ನು ಪರದೆಯಲ್ಲಿ ನೋಡಬಯಸುವ ಅಜ್ಜಿಗೂ, ಸಂಜೆಯೊಳಗೆ ರಸೀದಿಗಳನ್ನು ಬರೆದು ಮುಗಿಸಬೇಕಾದ ಗುಮಾಸ್ತನಿಗೂ ಯಂತ್ರದ ಅಂತರಂಗ ತಿಳಿಯಬೇಕಾದ ಋಣವೇನೂ ಇಲ್ಲ. ಸರಳತೆ ಅಜ್ಞಾನದ ಗುರುತಲ್ಲ. ಲೇಖಕರೇ ಸುಂದರವಾದ ಮುಖ ಮತ್ತು ಯೂನಿಕ್ಸ್ ವಂಶದ ಒಡಲು ಎರಡೂ ಇದ್ದ ಆ್ಯಪಲ್ಲಿನ ಮ್ಯಾಕ್ ಓಎಸ್ ಎಕ್ಸ್ 2001ರಲ್ಲಿ ಬಂದಾಗ ಅದನ್ನು ಅಪ್ಪಿಕೊಂಡರು. ತಮ್ಮ ಪ್ರಬಂಧದ ಬಹುಭಾಗ ಹಳತಾಯಿತೆಂದು 2004ರಲ್ಲಿ ಒಪ್ಪಿಕೊಂಡರು. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಹಳತಾಗದೆ ಉಳಿದಿರುವ ಒಂದು ಚಿಕ್ಕ ಪ್ರಸಂಗವಿದೆ. ಲೇಖಕರು ತಾವೇ ಹಿಂದೆ ಬರೆದಿಟ್ಟ ಕಡತವೊಂದನ್ನು ಅದೇ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ತೆರೆಯಲು ಹೋದಾಗ ಅದು ತೆರೆಯಲಿಲ್ಲ. ಬರೆದವರು ಅವರು, ಮಾತು ಅವರದು, ಬೀಗ ಮಾತ್ರ ಇನ್ನೊಬ್ಬರದು. ಕನ್ನಡಿಗರಿಗೆ ಈ ಅನುಭವ ಅಪರಿಚಿತವಲ್ಲ. ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತರೂ ಅದು ಬಳಕೆಗೆ ಬರುವವರೆಗೆ, ಒಂದೊಂದು ತಂತ್ರಾಂಶವೂ ತನ್ನದೇ ಆದ ಅಕ್ಷರಸಂಕೇತವನ್ನು ಬಳಸುತ್ತಿತ್ತು. ಆಗ ಬೆರಳಚ್ಚಾದ ಎಷ್ಟೋ ಬರಹಗಳು, ಅಂದಿನ ಅಕ್ಷರಶೈಲಿ ಯಂತ್ರದಲ್ಲಿಲ್ಲದಿದ್ದರೆ, ಇಂದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ನೂರಾರು ವರ್ಷದ ತಾಳೆಗರಿಯನ್ನು ಓದಲು ಹಳಗನ್ನಡ ಲಿಪಿ ಬಲ್ಲ ಕಣ್ಣು ಸಾಕು. ಇಪ್ಪತ್ತೈದು ವರ್ಷದ ಕಡತಕ್ಕೆ ಮುಚ್ಚಿಹೋದ ಕಂಪನಿಯ ಕೃಪೆ ಬೇಕಾಗುವುದಾದರೆ ಅದನ್ನು ಪ್ರಗತಿಯೆಂದು ಕರೆಯುವುದು ಕಷ್ಟ.

ಇಲ್ಲಿ ಇನ್ನೊಂದು ಆತುರದ ತೀರ್ಮಾನವನ್ನೂ ತಡೆಯಬೇಕು. ಮುಚ್ಚಿದ ತಂತ್ರಾಂಶವೆಂದರೆ ಪರಿಗ್ರಹ, ಮುಕ್ತ ತಂತ್ರಾಂಶವೆಂದರೆ ಅಪರಿಗ್ರಹ ಎಂದು ಸಮೀಕರಿಸುವುದು ಧರ್ಮಪತ್ರಿಕೆಯ ವಾಚಕರಿಗೆ ಸುಲಭವಾಗಿ ಹೊಳೆಯುತ್ತದೆ. ಅದು ಸರಿಯಲ್ಲ. ರಿಚರ್ಡ್ ಸ್ಟಾಲ್‌ಮನ್ ಅವರು 1989ರಲ್ಲಿ ರೂಪಿಸಿದ ಜಿಪಿಎಲ್ ಪರವಾನಗಿ ಗ್ರಂಥಸ್ವಾಮ್ಯವನ್ನು ತ್ಯಜಿಸುವುದಿಲ್ಲ. ಆ ಸ್ವಾಮ್ಯದ ಬಲದಿಂದಲೇ, ಮಾರ್ಪಡಿಸಿ ಹಂಚುವವನು ಮೂಲಪಾಠವನ್ನೂ ಕೊಡಬೇಕೆಂದು ಕಟ್ಟುಪಾಡು ಮಾಡುತ್ತದೆ. ಹಣಕ್ಕೆ ಮಾರುವುದನ್ನೂ ಅದು ನಿಷೇಧಿಸುವುದಿಲ್ಲ. ಅದು ತ್ಯಾಗವಲ್ಲ, ನ್ಯಾಯವಾದ ಕರಾರು. ಪಡೆದ ಹಕ್ಕನ್ನು ಮುಂದಿನವನಿಗೂ ಸಲ್ಲಿಸು ಎಂಬುದೇ ಅದರ ಸಾರ. ಗೃಹಸ್ಥನಿಗೆ, ವ್ಯಾಪಾರಿಗೆ ಒಪ್ಪುವ ನೀತಿಯಿದು.

ಆದುದರಿಂದ ಸ್ಟೀಫನ್‌ಸನ್ ಅವರ ಪ್ರಬಂಧವನ್ನು ಯಾವ ಮಳಿಗೆಗೆ ಹೋಗಬೇಕೆಂದು ತಿಳಿಯಲು ಓದಬೇಕಾಗಿಲ್ಲ. ಕೊಳ್ಳುವ ಮೊದಲು ಏನನ್ನು ಕೇಳಬೇಕೆಂದು ತಿಳಿಯಲು ಓದಬಹುದು. ಟ್ರಸ್ಟೊಂದು ತನ್ನ ದಾನದ ಲೆಕ್ಕವನ್ನೋ ಶಾಸ್ತ್ರಭಂಡಾರದ ಪಟ್ಟಿಯನ್ನೋ ಯಂತ್ರಕ್ಕೆ ಒಪ್ಪಿಸುವಾಗ ಮೂರು ಮಾತನ್ನು ವಿಚಾರಿಸಿದರೆ ಸಾಕು. ಈ ಕಡತವನ್ನು ಬೇರೆ ತಂತ್ರಾಂಶದಲ್ಲಿಯೂ ತೆರೆಯಬಹುದೆ? ತಯಾರಿಸಿದವರು ಅಂಗಡಿ ಮುಚ್ಚಿದರೆ ಮುಂದೆ ನೋಡಿಕೊಳ್ಳುವ ಹಕ್ಕು ಯಾರಿಗಿದೆ? ತಂತ್ರಾಂಶ ಉಚಿತವಾದರೆ, ಅದನ್ನು ಕಾಪಾಡುವವನ ಶ್ರಮಕ್ಕೆ ತಕ್ಕ ಪ್ರತಿಫಲವನ್ನು ಯಾರು ಕೊಡುತ್ತಿದ್ದಾರೆ? ಮೂರನೆಯ ಪ್ರಶ್ನೆಗೆ ಉತ್ತರ ‘ಯಾರೂ ಇಲ್ಲ’ ಎಂದಾದರೆ, ವರ್ಷದ ಖರ್ಚಿನ ಪಟ್ಟಿಯಲ್ಲಿ ಅದಕ್ಕೂ ಒಂದು ಸಾಲನ್ನು ಬರೆಯುವುದು ಬಳಸುವವರ ಕರ್ತವ್ಯವಾಗುತ್ತದೆ.