ಮನವಿ ಕೊಟ್ಟರು, ಫೋಟೊ ತೆಗೆಸಿಕೊಂಡರು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಾಗ ಈ ಭಾಗದ ರಾಜಕಾರಣಕ್ಕೆ ದೊಡ್ಡ ವಿಷಯ ಸಿಕ್ಕಿತು. ಯಾರ ಕಾಲದಲ್ಲಿ ನಿಂತಿತು, ಯಾರು ತೆರೆಸುತ್ತಾರೆ ಎಂಬ ವಾದಕ್ಕೆ ಕೊನೆ ಇರಲಿಲ್ಲ. ಅದರಲ್ಲಿ ತಪ್ಪೇನಿಲ್ಲ. ಕಾರ್ಖಾನೆಗೆ ಚಿಮಣಿ ಇದೆ, ಹೊಗೆ ನಿಂತದ್ದು ಹತ್ತು ಹಳ್ಳಿಗೆ ಕಾಣುತ್ತದೆ. ಅದೇ ಹಳ್ಳಿಗಳ ಅಂಚೆ ಕಚೇರಿಗೆ ಚಿಮಣಿ ಇಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಸ್ಥಳೀಯ ಪ್ರಚಾರದ ಮೇಲೆ ನನ್ನ ತಕರಾರು ಇಷ್ಟೇ: ಪೂರ್ತಿ ಮುಚ್ಚಿದ್ದು ಅದರ ಕಣ್ಣಿಗೆ ಬೀಳುತ್ತದೆ, ದಿನಕ್ಕಿಷ್ಟು ಸವೆಯುವುದು ಬೀಳುವುದಿಲ್ಲ.

ದೇಶದ ಸುಮಾರು 1.65 ಲಕ್ಷ ಅಂಚೆ ಕಚೇರಿಗಳಲ್ಲಿ ಶೇ 90ರಷ್ಟು ಹಳ್ಳಿಗಳಲ್ಲಿವೆ. ಅವುಗಳಲ್ಲಿ ಬಹುಪಾಲು ಗ್ರಾಮೀಣ ಡಾಕ್ ಸೇವಕರು ನಡೆಸುವ ಶಾಖಾ ಕಚೇರಿಗಳು. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ, ಅದಕ್ಕೆ ತಕ್ಕ ಭತ್ಯೆ. ಇಲಾಖೆಯ ಕಾಯಂ ನೌಕರರಿಗೆ ಸಿಗುವ ಸವಲತ್ತು ಇವರಿಗಿಲ್ಲ. ಕಚೇರಿಗೆ ಜಾಗವನ್ನೂ ಪೋಸ್ಟ್ ಮಾಸ್ತರರೇ ಹೊಂದಿಸಬೇಕು, ಹಾಗಾಗಿ ಮಾಸ್ತರರು ಬದಲಾದರೆ ಪೋಸ್ಟೇ ಇನ್ನೊಂದು ಓಣಿಗೆ ಹೋಗುತ್ತದೆ. ಬಯಲು ಸೀಮೆಯಲ್ಲಿ ಹೊಸ ಶಾಖೆ ಬೇಕೆಂದರೆ ಸುತ್ತಲಿನ ಊರುಗಳು ಸೇರಿ 3,000 ಜನ ಇರಬೇಕು, ಹತ್ತಿರದ ಕಚೇರಿ ಕನಿಷ್ಠ 3 ಕಿ.ಮೀ. ದೂರದಲ್ಲಿರಬೇಕು, ಖರ್ಚಿನ ಮೂರನೇ ಒಂದು ಭಾಗವಾದರೂ ಗಳಿಕೆ ಇರಬೇಕು ಎಂಬುದು ಇಲಾಖೆಯ ಲೆಕ್ಕ.

ಇಂಥ ಕಚೇರಿಯನ್ನು ಮುಚ್ಚಲು ಆದೇಶವೇ ಬೇಕಿಲ್ಲ. ಹುದ್ದೆ ಖಾಲಿ ಬಿದ್ದರೆ ಪಕ್ಕದ ಊರಿನವರಿಗೆ ಹೆಚ್ಚುವರಿ ಹೊಣೆ ಬೀಳುತ್ತದೆ. ಒಂದು ದಿನ ಯಂತ್ರಕ್ಕೆ ನೆಟ್‌ವರ್ಕ್ ಇಲ್ಲ, ಇನ್ನೊಂದು ದಿನ ಪೆಟ್ಟಿಗೆಯಲ್ಲಿ ರೊಕ್ಕ ಇಲ್ಲ. ವೃದ್ಧಾಪ್ಯದ ಪಗಾರ ಬಿಡಿಸಿಕೊಳ್ಳಲು ಬಂದ ಮುದುಕಿಗೆ ‘ನಾಳೆ ಬಾ ಯವ್ವಾ’ ಎಂಬ ಉತ್ತರ. ನಾಲ್ಕು ಸಲ ಹಾಗಾದ ಮೇಲೆ ಆಕೆ ಬಸ್ ಹತ್ತಿ ತಾಲ್ಲೂಕಿಗೆ ಹೋಗುತ್ತಾಳೆ, ಊರಿನ ಶಾಖೆಯ ವ್ಯವಹಾರ ಅಷ್ಟು ಇಳಿಯುತ್ತದೆ. ಗೋಡೆಯ ಮೇಲಿನ ಕೆಂಪು ಬೋರ್ಡು ಮಾತ್ರ ಹಾಗೇ ಇರುತ್ತದೆ. ಮೇಲಿನಿಂದಲೂ ಒಂದೊಂದೇ ಸೇವೆ ಕಳಚುತ್ತ ಬಂದಿದೆ: ತಂತಿ 2013ರ ಜುಲೈಯಲ್ಲಿ, ಪುಸ್ತಕಗಳಿಗಿದ್ದ ಅಗ್ಗದ ದರ 2024ರ ಡಿಸೆಂಬರಿನಲ್ಲಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಕರಗಿತು.

ಇದಕ್ಕೆ ಪ್ರಚಾರ ಏನು ಮಾಡುತ್ತದೆ? ಮನವಿ ಕೊಡುತ್ತದೆ. ಮನವಿ ಪತ್ರ ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಮೇಲೆ ಸಂಘಟನೆಯ ಲೆಟರ್‌ಹೆಡ್ಡು, ಒಳಗೆ ಚರಂಡಿಯಿಂದ ಹಿಡಿದು ನೀರಾವರಿಯವರೆಗೆ ಹತ್ತು ಬೇಡಿಕೆ, ಕೊನೆಗೆ ‘ತಪ್ಪಿದಲ್ಲಿ ಉಗ್ರ ಹೋರಾಟ’. ಸ್ವೀಕರಿಸುವವರು ತಹಶೀಲ್ದಾರರು. ಹದಿನೈದು ಕೈಗಳು ಒಂದೇ ಕಾಗದ ಹಿಡಿದ ಫೋಟೊ, ಮರುದಿನ ಪತ್ರಿಕೆಯ ಒಳಪುಟದಲ್ಲಿ ಅಷ್ಟೂ ಹೆಸರು. ರಸ್ತೆ, ಪಡಿತರ, ಪಹಣಿಯ ವಿಷಯದಲ್ಲಿ ಈ ಕ್ರಮಕ್ಕೆ ಅರ್ಥವಿದೆ. ಅಂಚೆಯ ವಿಷಯದಲ್ಲಿ ಬರೀ ವೇಷ. ಅಂಚೆ ಸಂವಿಧಾನದ ಕೇಂದ್ರ ಪಟ್ಟಿಯ 31ನೇ ಬಾಬತ್ತು, ಅಂಚೆ ಉಳಿತಾಯ ಬ್ಯಾಂಕು 39ನೆಯದು. ತಹಶೀಲ್ದಾರರು ಮಾಡಬಹುದಾದದ್ದು ಕಾಗದವನ್ನು ಮುಂದಕ್ಕೆ ಕಳಿಸುವುದೊಂದೇ. ಕೇಳಬೇಕಾದವರು ಬಾಗಲಕೋಟೆಯ ಅಂಚೆ ಅಧೀಕ್ಷಕರು, ಅವರ ಮೇಲಿನವರು, ಕೊನೆಗೆ ದೆಹಲಿಯ ಸಚಿವಾಲಯ. ರಾಜಕೀಯವಾಗಿ ಇದು ಶಾಸಕರ ಚುನಾವಣೆಯ ಪ್ರಶ್ನೆಯಲ್ಲ, ಲೋಕಸಭೆಯದು. 2004ರಿಂದ ಬಾಗಲಕೋಟೆಯ ಸಂಸದರು ಪಿ.ಸಿ. ಗದ್ದಿಗೌಡರ. ಅವರನ್ನೂ, ಅವರೆದುರು ಪ್ರತಿ ಸಲ ನಿಲ್ಲುವವರನ್ನೂ ಓಣಿಯ ಕಾರ್ಯಕರ್ತರು ಕೇಳಬೇಕಾದ ಪ್ರಶ್ನೆ ಇದು.

ದೆಹಲಿಯಲ್ಲಿ ಅವಕಾಶ ಬಂದಿತ್ತು. 1898ರ ಕಾನೂನನ್ನು ತೆಗೆದು ಹೊಸ ಅಂಚೆ ಕಾಯ್ದೆಯನ್ನು ಸಂಸತ್ತು 2023ರ ಡಿಸೆಂಬರಿನಲ್ಲಿ ಒಪ್ಪಿತು. ವಿರೋಧ ಪಕ್ಷದ ಸದಸ್ಯರು ರಾಶಿಗಟ್ಟಲೆ ಅಮಾನತಾದ ಅಧಿವೇಶನವದು. ಎದ್ದ ಆಕ್ಷೇಪದ ಬಹುಪಾಲು ಟಪಾಲನ್ನು ಸರ್ಕಾರ ತಡೆದು ನೋಡುವ ಅಧಿಕಾರದ ಬಗ್ಗೆ. ಅದು ಸಣ್ಣ ಮಾತಲ್ಲ, ನಿಜ. ಆದರೆ ಶಾಖೆ ಮುಚ್ಚುವ ಮುಂಚೆ ಊರಿನವರನ್ನು ಕೇಳಬೇಕು ಎಂಬ ಒಂದು ಸಾಲು ಆ ಕಾಯ್ದೆಯಲ್ಲಿಲ್ಲ. 2024ರ ಜೂನ್ 18ರಿಂದ ಅದು ಜಾರಿಯಲ್ಲಿದೆ.

ಬ್ರಿಟನ್ನಿನಲ್ಲಿ 2007ರಿಂದ 2009ರ ನಡುವೆ ಸುಮಾರು 2,500 ಪೋಸ್ಟುಗಳನ್ನು ಮುಚ್ಚಿದಾಗ ಪ್ರತಿಯೊಂದಕ್ಕೂ ಆರು ವಾರ ಜನರ ಅಭಿಪ್ರಾಯ ಕೇಳುವ ಕ್ರಮವಿತ್ತು. ಆ ಆರು ವಾರ ಕರಪತ್ರಕಾರರಿಗೆ ಹಬ್ಬ. ಅಲ್ಲಿನ ಲಿಬರಲ್ ಪಕ್ಷದವರು 1970ರಿಂದಲೂ ಬೀದಿ ದೀಪ, ಬಸ್ ನಿಲ್ದಾಣ, ಪೋಸ್ಟು ಎಂದು ಮನೆಮನೆಗೆ ಕರಪತ್ರ ಹಾಕಿಯೇ ಬೆಳೆದವರು. ಅದನ್ನು ಹೊಗಳಲು ನನಗೆ ಅವಸರವಿಲ್ಲ. ಸರ್ಕಾರದಲ್ಲಿದ್ದವರೇ ತಮ್ಮ ಕ್ಷೇತ್ರದ ಪೋಸ್ಟ್ ಉಳಿಸಿ ಎಂದು ಫಲಕ ಹಿಡಿದು, ಸಂಸತ್ತಿನಲ್ಲಿ ಮುಚ್ಚುವ ನೀತಿಯ ಪರ ಮತ ಹಾಕಿದ ನಾಟಕವೂ ಅಲ್ಲಿ ನಡೆಯಿತು. ಆದರೂ ಮುಚ್ಚುವುದಕ್ಕೆ ಒಂದು ತಾರೀಖು ಇತ್ತು, ಜಗಳಕ್ಕೆ ಒಂದು ದಿನ ಸಿಕ್ಕಿತು. ನಮಗೆ ಅದೂ ಇಲ್ಲ.

ಪೋಸ್ಟಿನ ಮೇಲೆ ಜನರಿಗೆ ಆಸಕ್ತಿ ಉಳಿದಿಲ್ಲ ಎಂಬ ಸಬೂಬನ್ನು ಪಕ್ಷಗಳು ಹೇಳುವಂತಿಲ್ಲ. 2024ರ ಮೇ ತಿಂಗಳ ಕೊನೆಯಲ್ಲಿ ಬೆಂಗಳೂರಿನ ಜನರಲ್ ಪೋಸ್ಟ್ ಆಫೀಸಿನ ಮುಂದೆ ಹೆಂಗಸರ ಸಾಲು ರಸ್ತೆಗೆ ಬಂದಿತ್ತು. ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ಇದ್ದರೆ ತಿಂಗಳಿಗೆ 8,500 ರೂಪಾಯಿ ಬೀಳುತ್ತದೆ ಎಂಬ ಗಾಳಿಸುದ್ದಿ. ಅದರ ಬೇರು ಹೆಂಗಸರಿಗೆ ವರ್ಷಕ್ಕೆ ಒಂದು ಲಕ್ಷ ಕೊಡುತ್ತೇವೆಂಬ ಕಾಂಗ್ರೆಸ್ಸಿನ ಚುನಾವಣಾ ಭರವಸೆಯಲ್ಲಿತ್ತು. ಅಂಥ ಹಣ ಯಾವುದೂ ಇಲ್ಲವೆಂದು ಇಲಾಖೆ ಹೇಳಬೇಕಾಯಿತು. ಟೀವಿಯವರು ನಕ್ಕರು, ಎದುರಾಳಿಗಳು ಆಡಿಕೊಂಡರು. ಸರ್ಕಾರದ ದುಡ್ಡು ಬರುವುದಾದರೆ ಈ ಕಿಟಕಿಯಿಂದಲೇ ಬಂದೀತು ಎಂಬ ಆ ನಂಬಿಕೆ ಎಷ್ಟು ಹಳೆಯದು, ಎಷ್ಟು ಗಟ್ಟಿ ಎಂದು ಯಾವ ಪಕ್ಷವೂ ಯೋಚಿಸಿದಂತೆ ಕಾಣಲಿಲ್ಲ.

ಪಟ್ಟು ಹಿಡಿಯುವುದು ಈ ಸೀಮೆಗೆ ಗೊತ್ತಿಲ್ಲವೆಂದಲ್ಲ. ರಬಕವಿ-ಬನಹಟ್ಟಿ ತಾಲ್ಲೂಕಾದ ಮೇಲೆ ಮಹಾಲಿಂಗಪುರದವರು ತಮಗೂ ತಾಲ್ಲೂಕು ಬೇಕೆಂದು ನೂರಾರು ದಿನ ಧರಣಿ ಕೂತರು. ಒಂದು ಕಚೇರಿ ಹತ್ತಿರ ಬಂದರೆ ಬದುಕು ಎಷ್ಟು ಹಗುರಾಗುತ್ತದೆ ಎಂಬ ಲೆಕ್ಕ ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ತಾಲ್ಲೂಕೆಂದರೆ ಹೊಸದು: ಅಡಿಗಲ್ಲು ಉಂಟು, ಉದ್ಘಾಟನೆ ಉಂಟು, ಕಲ್ಲಿನ ಮೇಲೆ ಹೆಸರು ಉಂಟು. ಇರುವ ಪೋಸ್ಟನ್ನು ಉಳಿಸಿಕೊಂಡವನಿಗೆ ಯಾವ ಕಲ್ಲಿನ ಮೇಲೂ ಜಾಗವಿಲ್ಲ. ಊರಿನ ಇಂಥ ಪ್ರಶ್ನೆಗಳನ್ನೆಲ್ಲ ಹೊರಬೇಕಾದ ಪಂಚಾಯಿತಿ ಮಟ್ಟವೇ ಬರಿದಾಗಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದದ್ದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಆಡಳಿತ. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ, ಆದ್ದರಿಂದ ಗೆದ್ದವನನ್ನು ಪಕ್ಷದ ಮಾತಿಗೆ ಕಟ್ಟಿಹಾಕುವ ಪ್ರಣಾಳಿಕೆಯೂ ಇಲ್ಲ.

ಮುಂದಿನ ಸಲ ಓಣಿಗೆ ಬರುವ ಕರಪತ್ರದಲ್ಲಿ ನಾಯಕರ ಎಂಟು ಮುಖಗಳ ಬದಲು ನಾನು ನೋಡಬಯಸುವುದು ಇಷ್ಟು: ನಮ್ಮ ಶಾಖೆಯ ಹುದ್ದೆ ಎಷ್ಟು ತಿಂಗಳಿಂದ ಖಾಲಿ, ದಿನಕ್ಕೆ ಎಷ್ಟು ರೊಕ್ಕ ಇಡಲು ಅನುಮತಿ, ಉಳಿತಾಯ ಖಾತೆ ಎಷ್ಟು, ಕಳೆದ ವರ್ಷ ಎಷ್ಟು ದಿನ ಯಂತ್ರ ಕೆಟ್ಟಿತ್ತು. ಇದಕ್ಕೆ ಧರಣಿಯೂ ಬೇಡ, ಫ್ಲೆಕ್ಸೂ ಬೇಡ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಅದು ಸಿಗುವುದೂ ತಾಲ್ಲೂಕಿನ ಪೋಸ್ಟಿನಲ್ಲೇ.